ಬಲಗಾಲಿನ ಅಳತೆ

ಪರದೆಯ ಕೆಳಸಾಲಿನಲ್ಲಿ ಪ್ರಶ್ನೆ ಬಂದು ನಿಂತಿತ್ತು. ಹೊಂದಿಸಿದ ಬಿಂದುಗಳಿಗೆ ತಕ್ಕಂತೆ ಆ ಭಾಗದ ಅಳತೆಯನ್ನೇ ಬದಲಾಯಿಸಬೇಕೆ, ಹೌದೋ ಅಲ್ಲವೋ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಬರೀ ಎಂಟರ್ ಒತ್ತಿದರೆ ‘ಅಲ್ಲ’ ಎಂದೇ ತಿಳಿದುಕೊಳ್ಳುತ್ತದೆ. ‘ಹೌದು’ ಅನ್ನಬೇಕಾದರೆ ವೈ ಅಕ್ಷರವನ್ನು ಬೇಕೆಂದೇ ಒತ್ತಬೇಕು. ಆಶಾರಾಣಿ ಬೆರಳನ್ನು ಕೀಲಿಮಣೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದಳು.

ಪರದೆಯ ಎಡಕ್ಕಿದ್ದದ್ದು ಅವಳ ಎಡಗಾಲು. ತೊಡೆಯ ಮೇಲಿನಿಂದ ನೆಲದವರೆಗೆ ಎರಡು ನೆಟ್ಟನೆ ಗೆರೆ, ಮಂಡಿಯ ಜಾಗಕ್ಕೊಂದು ಸೊನ್ನೆ. ಪಕ್ಕದಲ್ಲಿದ್ದದ್ದು ಬಲಗಾಲಿಗೆ ಕಟ್ಟಿಕೊಳ್ಳುವ ಕ್ಯಾಲಿಪರು: ತೊಡೆಯ ಚರ್ಮದ ಪಟ್ಟಿ, ಕಾಲಿನ ಎರಡು ಮಗ್ಗುಲಿಗೂ ಉಕ್ಕಿನ ಸರಳು, ಮಂಡಿಯ ಹತ್ತಿರ ಮಡಿಸುವ ಕೀಲು, ತಳದಲ್ಲಿ ಬೂಟು. ಮೌಸ್ ಸರಿಸಿ ಸರಿಸಿ ಗೆರೆಯ ತುದಿ ಹಿಡಿಯುವುದು ಅವಳಿಗೆ ಈಗ ರೂಢಿಯಾಗಿತ್ತು. ತುದಿ ಸಿಕ್ಕಿದರೆ ಅಲ್ಲೊಂದು ಪುಟ್ಟ ಹಳದಿ ಚೌಕ ಮೂಡುತ್ತದೆ; ಆಗ ಒತ್ತಿದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಹಾಗೆ ಹಿಡಿದು ಹಿಡಿದು, ಕ್ಯಾಲಿಪರಿನ ಮೇಲ್ತುದಿ ತೊಡೆಯ ಮಟ್ಟಕ್ಕೆ, ಬೂಟಿನ ತಳ ನೆಲದ ಗೆರೆಗೆ ಬರಬೇಕೆಂದು ಗುರುತು ಕೊಟ್ಟಿದ್ದಳು. ಉಳಿದದ್ದು ಆ ಒಂದು ಪ್ರಶ್ನೆ.

ವೈ ಒತ್ತಿದಳು.

ಕ್ಯಾಲಿಪರು ಸರಕ್ಕನೆ ಉದ್ದವಾಗಿ ನೆಲಕ್ಕೆ ಊರಿತು. ಅದರ ಕೀಲು ಜಾರಿ ಎಡಮಂಡಿಯ ಸೊನ್ನೆಯ ಸರಿಸಮಕ್ಕೆ ಬಂದು ನಿಂತಿತು. ಎರಡು ಕಾಲು, ಎರಡು ಮಂಡಿ, ಒಂದೇ ನೆಲ. ತನ್ನನ್ನು ತಾನು ಹೀಗೆ ಅವಳು ಯಾವ ಕನ್ನಡಿಯಲ್ಲೂ ಕಂಡಿರಲಿಲ್ಲ.

ಹಿಂದಿನಿಂದ ಬಂದ ನಾಗರಾಜು ಸರ್ ಕುರ್ಚಿಯ ಬೆನ್ನಿಗೆ ಕೈ ಊರಿ ಬಗ್ಗಿ ನೋಡಿದರು. ಕಂಪ್ಯೂಟರ್ ಸೆಂಟರಿನಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವ ಆಟೋಕ್ಯಾಡ್ ಹೇಳಿಕೊಡುತ್ತಿದ್ದವರು ಅವರೇ.

“ಸ್ಕೇಲ್‌ಗೆ ಯೆಸ್ ಕೊಟ್ರಾ?”

“ಊಂ ಸಾರ್.”

“ಜಾಗಕ್ಕೆ ಕೂತಂಗೆ ಕಾಣ್ತದೆ, ನಿಜ. ಆದ್ರೆ ಆಮೇಲೆ ಅದು ಅದೇ ಪಾರ್ಟ್ ಅಲ್ಲ. ಸರಳು ಉದ್ದ ಆದಂಗೆ ತೂತೂ ದೊಡ್ಡದಾಗಿರ್ತದೆ, ಪಟ್ಟಿನೂ ಅಗಲ ಆಗಿರ್ತದೆ. ಗೊತ್ತು ತಾನೆ?”

“ಗೊತ್ತು ಸಾರ್.”

“ಪ್ರಾಕ್ಟೀಸಿಗೆ ಮಾಡಿದ್ದಾ?”

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಿಕೊಂಡಿತು. ಸರ್ ಎಲ್ಲರಿಗೂ ಸೇವ್ ಮಾಡಿ ಸೇವ್ ಮಾಡಿ ಎನ್ನುತ್ತ ಆ ಕಡೆ ಹೋದರು. ಅವಳು ಸೇವ್ ಮಾಡಿದಳು. ಕರೆಂಟು ಬಂದ ಮೇಲೆ ಪ್ರಿಂಟನ್ನೂ ತೆಗೆಸಿಕೊಂಡಳು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರಿಗೆ, ಗೊಬ್ಬರದಂಗಡಿಯ ಮಹಡಿಯ ಮೇಲಿತ್ತು ಆ ಸೆಂಟರು. ಮಧುವನಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಕಟಕಟೆ ಹಿಡಿದು, ಬಲಗಾಲನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿ ಇಟ್ಟು ಹತ್ತುವುದು ಅವಳಿಗೆ ಪಾಠಕ್ಕಿಂತ ದೊಡ್ಡ ಕೆಲಸ. ಪಿಯುಸಿ ಮುಗಿದ ಮೇಲೆ ಕಂಡವರೆಲ್ಲ ಟೈಲರಿಂಗ್ ಕಲಿ ಎಂದಿದ್ದರು. ಕಾಲು ಸರಿಯಿಲ್ಲದ ಹುಡುಗಿಗೆ ಕಾಲಲ್ಲಿ ತುಳಿಯುವ ಮಿಷನ್ನನ್ನೇ ಯಾಕೆ ಹೇಳುತ್ತಾರೋ ಅವಳಿಗೆ ತಿಳಿಯುತ್ತಿರಲಿಲ್ಲ. ಈ ಕೆಲಸದಲ್ಲಿ ಕೈ ಇದ್ದರೆ ಸಾಕಿತ್ತು.

ಅವಳ ಕ್ಯಾಲಿಪರು ಹೈಸ್ಕೂಲಿನಲ್ಲಿದ್ದಾಗ ಮೈಸೂರಿನ ಶಿಬಿರವೊಂದರಲ್ಲಿ ಪುಕ್ಕಟೆ ಸಿಕ್ಕಿದ್ದು. ಅದಾದ ಮೇಲೆ ಅವಳು ಬೆಳೆದಳು, ಅದು ಬೆಳೆಯಲಿಲ್ಲ. ಸರಳು ಎರಡು ಕಡೆ ಬಿಟ್ಟುಕೊಂಡು ಬೆಸುಗೆ ಹಾಕಿಸಿಯಾಗಿತ್ತು. ಬೆಸುಗೆ ಹಾಕಿದ್ದು ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಲೇತ್ ಅಂಗಡಿಯ ಸದಾಶಿವಪ್ಪ. “ಇದ್ಕೆ ಇನ್ನು ನನ್ ಕೈಲಿ ಜೀವ ಇಲ್ಲ ತಾಯಿ. ಅಳತೆ ಬರ್ಕಂಡ್ ಬಾ, ಒಸದೇ ಮಾಡ್ಕೊಡ್ತೀನಿ” ಅಂದಿದ್ದ.

ಅಳತೆ ತೆಗೆಯಲು ಅವಳು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಎಡಗಾಲಿನದು ಸಲೀಸಾಗಿ ಆಯಿತು. ಬಲಗಾಲು ನೆಟ್ಟಗೆ ಚಾಚಿದರೆ, ಟೇಪಿನ ಒಂದು ತುದಿಯನ್ನು ತೊಡೆಗೆ ಹಿಡಿದ ಕೈ ಇನ್ನೊಂದು ತುದಿಯನ್ನು ಹಿಮ್ಮಡಿಗೆ ಮುಟ್ಟಿಸುವಂತಿರಲಿಲ್ಲ. ಬಗ್ಗಿದರೆ ಕಾಲು ಮಡಿಸಿಕೊಳ್ಳುತ್ತಿತ್ತು. ಹೊರಗೆ ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಕರೆದರೆ ಬರುತ್ತಿದ್ದಳು. ಆದರೆ ಆ ಮನೆಯಲ್ಲಿ ಬಲಗಾಲಿಗೆ ಹೆಸರೇ ಇರಲಿಲ್ಲ. ‘ಆ ಕಾಲು’ ಎಂದಷ್ಟೇ ಅನ್ನುತ್ತಿದ್ದರು, ಅದೂ ಜ್ವರ ಬಂದಾಗ ಮಾತ್ರ. ಆಶಾರಾಣಿ ಕರೆಯಲಿಲ್ಲ. ಹಳೆಯ ಕ್ಯಾಲಿಪರನ್ನೇ ಬಿಚ್ಚಿಟ್ಟು ಅದನ್ನು ಅಳೆದುಕೊಂಡು ಹೋಗಿದ್ದಳು. ಅದನ್ನು ಈಗ ಪರದೆಯ ಮೇಲೆ ಎಡಗಾಲಿನ ಉದ್ದಕ್ಕೆ ಎಳೆದಿದ್ದಾಗಿತ್ತು.

ಮುಂದಿನ ಭಾನುವಾರ ಅವಳನ್ನು ನೋಡಲು ರಾಮಾಪುರದಿಂದ ಬರುವವರಿದ್ದರು. ಸೋದರಮಾವ ತಂದ ಸಂಬಂಧ. ಹುಡುಗ ಪಂಚಾಯಿತಿಯ ನೀರುಗಂಟಿ. ಹುಡುಗಿಗೆ ಚಿಕ್ಕಂದಿನಲ್ಲಿ ಬಿದ್ದು ಕಾಲು ಉಳುಕಿತ್ತು, ಒಂಚೂರು ಎಳೆದು ಹಾಕುತ್ತಾಳೆ, ಅಷ್ಟೇ ಎಂದು ಅವ್ವ ಪುಟ್ಟಮಾದಮ್ಮ ಅವರಿಗೆ ಹೇಳಿಸಿದ್ದಳು.

ಸದಾಶಿವಪ್ಪ ಅವಳು ಕೊಟ್ಟ ಪ್ರಿಂಟಿನ ಕಾಗದವನ್ನು ಕಂಬಕ್ಕೆ ಅಂಟಿಸಿಕೊಂಡು, ಅದರಲ್ಲಿದ್ದ ಹಾಗೇ ಮಾಡಿದ. ಅವನಿಗೆ ಒಂದೇ ತಕರಾರು. “ತೂತು ಇದ್ಯಾವ್ದೋ ಊರಲ್ಲಿಲ್ಲದ ಸೈಜು ಬರ್ದಿದ್ದೀಯಲ್ಲ ತಾಯಿ, ಇದ್ಕೆ ರಿವಿಟ್ಟು ಎಲ್ಲಿಂದ ತರಾನ? ನಿನ್ ಕಂಪ್ಯೂಟ್ರೇ ಎರಕ ಉಯ್ದು ಕೊಡ್ತದಾ? ನಾ ಇರೋ ರಿವಿಟ್ಟಿಗೇ ಕೊರ್ದಿವ್ನಿ.” ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಕಟ್ಟಿಕೊಂಡಳು. ಪಾದ ಬೂಟಿನ ತಳಕ್ಕೆ ತಾಕಲಿಲ್ಲ. ಅವನು ರಬ್ಬರ್ ಶೀಟು ಕತ್ತರಿಸಿ ಕತ್ತರಿಸಿ ಒಳಗೆ ತುಂಬಿದ. ಎಷ್ಟು ತುಂಬಿದ ಎಂದು ಅವಳು ಬಗ್ಗಿ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೀಲು ಮಡಿಸದಂತೆ ಹಿಡಿಯುವ ಎರಡು ಉಕ್ಕಿನ ಬಳೆಗಳು ಕೆಳಗಿಳಿದು ಟಕ್ಕೆಂದು ಲಾಕಾದವು. ಎದ್ದು ನಿಂತಳು. ಅಂಗಡಿಯ ಮುಂದಕ್ಕೆ ಬಂದಳು. ಎದುರಿನ ಬೇಕರಿಯ ಗಾಜಿನಲ್ಲಿ ಅವಳ ಎರಡು ಭುಜ ಒಂದೇ ಮಟ್ಟದಲ್ಲಿದ್ದವು.

“ಎಂಗದೆ?” ಅಂದ ಸದಾಶಿವಪ್ಪ.

“ನಿಂತ್ರೆ ಚೆನ್ನಾಗದೆ.”

“ಕೂತು ನೋಡು.”

ಬಳೆ ಎತ್ತಿ ಸ್ಟೂಲಿನ ಮೇಲೆ ಕೂತಳು. ಅವಳ ಮಂಡಿ ಒಂದು ಕಡೆ ಮಡಿಚಿತು, ಕೀಲು ಅದಕ್ಕಿಂತ ಕೆಳಗೆಲ್ಲೋ ಮಡಿಚಿತು. ತೊಡೆಯ ಪಟ್ಟಿ ಮೇಲಕ್ಕೆ ನುಗ್ಗಿ ಮಾಂಸವನ್ನು ಕಚ್ಚಿತು. ಉಸಿರು ಬಿಗಿಹಿಡಿದು, “ಒಸದಲ್ವ ಅಣ್ಣ, ಪಳಗ್ತದೆ” ಎಂದು ತಾನೇ ಅಂದಳು.

ಅವಳು ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನೋಡಿ ಪುಟ್ಟಮಾದಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. “ಇನ್ನೊಂದ್ ಸಲ ಅಲ್ಲಿಗಂಟ ಓಗ್ ಬಾ” ಅಂದಳು. ಆಶಾರಾಣಿ ಜಗುಲಿಯ ತನಕ ಹೋಗಿ ಬಂದಳು. “ನಿಂತ್ಕ.” ನಿಂತಳು. ಅವ್ವ ಸೀರೆಯ ನೆರಿಗೆಯನ್ನು ಒಂದಿಷ್ಟು ಇಳಿಬಿಟ್ಟು, ದೂರ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. “ಗೊತ್ತೇ ಆಗಕಿಲ್ಲ” ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ಹೋದಳು. ಹಿಂದೆ ನೋಡಲು ಬಂದವರ ಮುಂದೆಲ್ಲ ಅವಳು ಮಗಳನ್ನು ಮೊದಲೇ ಚಾಪೆಯ ಮೇಲೆ ಕೂರಿಸಿ, ಕಾಲಿನ ಮೇಲೆ ಸೆರಗು ಹರಡಿ, ಮಡಿಲಲ್ಲಿ ಎಲೆಅಡಿಕೆ ತಟ್ಟೆ ಇಟ್ಟುಬಿಡುತ್ತಿದ್ದಳು. ಬಂದವರು ಹೋಗುವ ತನಕ ಏಳುವಂತಿರಲಿಲ್ಲ. ಈ ಸಲ ಕೂರುವಂತಿರಲಿಲ್ಲ.

ಭಾನುವಾರ ಹುಡುಗ ಮಾದಸ್ವಾಮಿ ಮತ್ತು ಅವನ ದೊಡ್ಡಮ್ಮ ಚಿಕ್ಕಬಸಮ್ಮ ಬಂದರು. ಹುಡುಗನಿಗೆ ತಾಯಿ ಇರಲಿಲ್ಲ, ಸಾಕಿದವಳು ಚಿಕ್ಕಬಸಮ್ಮನೇ. ಅಗಲ ಮೈಯ ಹೆಂಗಸು. ಜಗುಲಿಯ ಮೇಲೆ ಕೂತು ಕಾಲು ಚಾಚಿಯೇ ಮಾತಿಗೆ ತೊಡಗಿದಳು.

“ಆ ಡ್ರೈವರು ಹನೂರಲ್ಲಿ ಬಸ್ ನಿಲ್ಸಿ ಟೀ ಕುಡ್ದ, ಬೋಂಡ ತಿಂದ, ಅವ್ನ ಅತ್ತೆಮನೆ ಯವಾರನೆಲ್ಲ ಮುಗಿಸ್ಕಂಡ್ ಬಂದ ಕಣವ್ವ. ನಮ್ ಮಾದಸ್ವಾಮಿ ಮಾತ್ರ ಉಸ್ರೆತ್ನಿಲ್ಲ. ನೀರ್ ಬುಡೋ ವಾಲು ತಿರುಗ್ಸೋದ್ ಗೊತ್ತು ಇವ್ನಿಗೆ, ಬಾಯಿ ತಿರುಗ್ಸೋದ್ ಗೊತ್ತಿಲ್ಲ.”

ಮಾದಸ್ವಾಮಿ ನೆಲ ನೋಡಿಕೊಂಡು ನಕ್ಕ. ಆಶಾರಾಣಿ ಕೇಸರಿಬಾತಿನ ತಟ್ಟೆ ತಂದು ಕೊಟ್ಟು ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತಳು.

“ಕೂತ್ಕ ಮಗ, ಯಾಕ ನಿಂತಿದ್ದೀಯ?”

ಪುಟ್ಟಮಾದಮ್ಮ ಮಧ್ಯೆ ಬಾಯಿ ಹಾಕಿದಳು. “ದೊಡ್ಡೋರ ಮುಂದ ಕೂರಾಕಿಲ್ಲ ನಮ್ಮುಡುಗಿ. ಚಿಕ್ಕೋಳಿದ್ದಾಗ್ಲಿಂದ್ಲೂ ಅಂಗೇಯ.”

“ಅಯ್ಯೋ, ನನ್ ಸೊಸೆನ ಒಂದ್ ತಿಂಗ್ಳು ಇಲ್ಲಿ ಬುಟ್ಟೋಯ್ತೀನಿ ಕಣವ್ವ, ಒಸಿ ಕಲಿಸ್ಕೊಡಿ. ನಾನು ಸೌದೆ ಒತ್ಕಂಡ್ ಬಂದ್ರೂ ಅವ್ಳು ಕಾಲ್ ಮಡಿಸ್ಕಳಕಿಲ್ಲ.”

ಎಲ್ಲರೂ ನಕ್ಕರು. ಸೋದರಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ಮಾತು ಹಿಪ್ಪುನೇರಳೆ ಸೊಪ್ಪಿನಿಂದ ಆನೆ ಕಾಟಕ್ಕೆ, ಅಲ್ಲಿಂದ ಯಾರದೋ ಮನೆಯ ಮದುವೆಯ ಊಟಕ್ಕೆ ಹೋಯಿತು. ಆಶಾರಾಣಿ ನಿಂತೇ ಇದ್ದಳು. ರಬ್ಬರಿನ ಮೇಲೆ ಪಾದ ಜೋಮು ಹಿಡಿಯಿತು. ಪಟ್ಟಿಯ ಅಂಚು ತೊಡೆಯಲ್ಲಿ ಒಂದೇ ಕಡೆ ಕೊಯ್ಯುತ್ತಿತ್ತು. ಅಲ್ಲಿ ತೇವವಾದದ್ದು ಬೆವರೋ ಇನ್ನೊಂದೋ ತಿಳಿಯಲಿಲ್ಲ. ಭುಜ ಮಾತ್ರ ಸಮಕ್ಕಿದ್ದವು. ಮಾದಸ್ವಾಮಿ ಒಂದೆರಡು ಸಲ ತಲೆಯೆತ್ತಿ ನೋಡಿದ. ಕೆಟ್ಟ ಕಣ್ಣಲ್ಲ ಅನ್ನಿಸಿತು ಅವಳಿಗೆ. ಅದೇ ಇನ್ನಷ್ಟು ಹಿಂಸೆಯಾಯಿತು.

“ಕಂಪ್ಯೂಟರ್‌ನಲ್ಲಿ ಏನ್ ಕಲೀತಿದ್ದೀರಿ?” ಅವನು ಬಾಯಿಬಿಟ್ಟದ್ದು ಅದೇ ಮೊದಲು.

“ಡ್ರಾಯಿಂಗು. ಮಿಷನ್ ಪಾರ್ಟ್‌ಗಳನ್ನ ಒಂದಕ್ಕೊಂದು ಜೋಡ್ಸೋದು.”

“ಕಷ್ಟನಾ?”

“ಅಳತೆ ಸರಿಯಾಗಿದ್ರೆ ಕಷ್ಟ ಇಲ್ಲ.”

ಅಂದವಳು ಭಾರವನ್ನೆಲ್ಲ ಎಡಗಾಲಿಗೆ ಬಿಟ್ಟಳು. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಚಿಕ್ಕಬಸಮ್ಮ ಅದನ್ನು ಕಂಡಳು.

“ಬಾ ಮಗ ಇಲ್ಲಿ, ನನ್ ಪಕ್ಕ ಕೂತ್ಕ. ದೊಡ್ಡೋರ ಮುಂದ ನಿಲ್ಲೋದು ಮರ್ಯಾದೆ, ದೊಡ್ಡೋರು ಯೋಳ್ದಂಗ ಕೇಳೋದೂ ಮರ್ಯಾದೇನೆಯ.”

ಅವ್ವ ಬೇಡವೆಂದು ಕಣ್ಣಲ್ಲೇ ತಡೆದಳು. ಆಶಾರಾಣಿ ಹೋಗಿ ಜಗುಲಿಯ ಅಂಚಿಗೆ ನಿಂತು, ಬಗ್ಗಿ, ಸೀರೆಯ ಮೇಲಿಂದಲೇ ಎರಡು ಬಳೆಗಳನ್ನು ತಡವಿ ಎತ್ತಿದಳು. ಟಕ್, ಟಕ್. ಆ ಸದ್ದಿಗೆ ಸೋದರಮಾವನ ಮಾತು ಅರ್ಧಕ್ಕೆ ನಿಂತಿತು. ಅವಳು ಕೂತಳು. ಮಂಡಿ ಒಂದು ಕಡೆ, ಕೀಲು ಒಂದು ಕಡೆ ಮಡಿಚಿ ಸರಳು ಮುಂದಕ್ಕೆ ನುಗ್ಗಿತು. ಸೀರೆ ಸರಿದು ದಪ್ಪ ಬೂಟು, ಉಕ್ಕು, ಚರ್ಮದ ಪಟ್ಟಿ ಎಲ್ಲವೂ ಜಗುಲಿಯ ಬೆಳಕಿಗೆ ಬಂದವು. ಬೂಟು ನೆಲ ಬಿಟ್ಟು ಗಾಳಿಯಲ್ಲಿ ನಿಂತಿತ್ತು.

“ಉಳುಕಲ್ಲ ಅಮ್ಮ ಇದು” ಅಂದಳು. “ಪೋಲಿಯೋ. ಈ ಕಾಲು ಆ ಕಾಲಿಗಿಂತ ಗಿಡ್ಡ. ಇದನ್ನ ಕಟ್ದೆ ನಡೆಯಕ್ಕಾಗಲ್ಲ.”

ಚಿಕ್ಕಬಸಮ್ಮ ಬೂಟನ್ನು ನೋಡಿದಳು, ಅವಳ ಮುಖ ನೋಡಿದಳು. ಆಮೇಲೆ ರವಿಕೆಯ ಬಟ್ಟೆ ಎಷ್ಟು ಬೇಕೆಂದು ಕೇಳುವ ಹಾಗೆ ಕೇಳಿದಳು: “ಎಷ್ಟು ಗಿಡ್ಡ?”

ಆಶಾರಾಣಿ ಬೂಟಿನ ಕಡೆ ನೋಡಿದಳು.

“ಗೊತ್ತಿಲ್ಲ.”

“ಗೊತ್ತಿಲ್ವಾ? ನಿನ್ ಕಾಲಲ್ವಾ ಮಗ?” ಚಿಕ್ಕಬಸಮ್ಮ ಪುಟ್ಟಮಾದಮ್ಮನ ಕಡೆ ತಿರುಗಿದಳು. ಪುಟ್ಟಮಾದಮ್ಮ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

ಹೊರಡುವಾಗ ಚಿಕ್ಕಬಸಮ್ಮ ಕುಂಕುಮ ಇಡಿಸಿಕೊಂಡಳು. “ಮೊದ್ಲೇ ಯೋಳ್ಬೇಕಿತ್ತು ಕಣವ್ವ. ಕಾಲಿಂದಲ್ಲ ನಾನನ್ನೋದು. ಇದ್ನ ಉಳುಕು ಅಂದೋರು ನಾಳೆ ಇನ್ನೇನ್ನ ಉಳುಕು ಅಂತೀರೋ ಅಂತ ಅನ್ಸಲ್ವಾ ನಮ್ಗ?” ಮಾದಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಒಂದು ಸಲ ಹಿಂತಿರುಗಿ ನೋಡಿದ. ಬಸ್ಸು ಹತ್ತಿಸಿ ಬಂದ ಸೋದರಮಾವ, “ಯೋಳಿ ಕಳಿಸ್ತಾರಂತೆ” ಅಂದ. ಆ ಮಾತಿನ ಅರ್ಥ ಆ ಮನೆಗೆ ಹೊಸದಲ್ಲ.

“ಬಾಯಿ ಮುಚ್ಕಂಡ್ ನಿಂತಿದ್ರ ಆಗ್ತಿತ್ತು” ಅಂದಳು ಪುಟ್ಟಮಾದಮ್ಮ, ತಟ್ಟೆ ತಿಕ್ಕುತ್ತ.

“ಎಷ್ಟೊತ್ತು ನಿಂತಿರ್ಲವ್ವ?”

“ತಾಳಿ ಕಟ್ಟೋಗಂಟ.”

“ಆಮೇಲೆ?”

ಪುಟ್ಟಮಾದಮ್ಮ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡು ಅದೇ ತಟ್ಟೆಯನ್ನು ಮತ್ತೆ ತಿಕ್ಕತೊಡಗಿದಳು.

ಮಾರನೆಯ ದಿನ ಅವ್ವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದಳು. ಆಶಾರಾಣಿ ಸೆಂಟರಿಗೆ ಹೋಗಲಿಲ್ಲ. ಹೊಸದನ್ನು ಕಟ್ಟುವಂತಿರಲಿಲ್ಲ, ಹಳೆಯದು ಬೆಸುಗೆಯಲ್ಲಿ ಮತ್ತೆ ಬಿಟ್ಟುಕೊಂಡಿತ್ತು. ಗೋಡೆ ಹಿಡಿದು, ತೊಡೆಗೆ ಕೈಯೂರಿ ಮನೆಯೊಳಗೇ ಓಡಾಡಿದಳು. ಸಂಜೆ ಪುಟ್ಟಮಾದಮ್ಮ ಬಂದು, ಮಗಳ ಲಂಗಕ್ಕೆ ಅಂಟಿದ್ದ ಕಲೆ ಕಂಡು ಕೊಬ್ಬರಿಎಣ್ಣೆ, ಅರಿಶಿನ ತಂದು ಹತ್ತಿರ ಕೂತಳು. ಪಟ್ಟಿ ಕೊಯ್ದ ಜಾಗ ಅರ್ಧಚಂದ್ರದ ಹಾಗೆ ಕೆಂಪಗಿತ್ತು. ಬಿಸಿನೀರಲ್ಲಿ ರೇಷ್ಮೆಗೂಡು ಆಡಿಸಿ ಆಡಿಸಿ ಅವ್ವನ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಬೆರಳು ತೊಡೆಯ ಮೇಲೆ ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಎನ್ನುವುದೆಲ್ಲ ಆಶಾರಾಣಿಗೆ ತಿಳಿಯುತ್ತಿತ್ತು.

“ಅಳತೆ ತಗೀಬೇಕು ಅವ್ವ. ಒಬ್ಬಳ ಕೈಲಿ ಆಗಲ್ಲ.”

“ಟೇಪು ಓದಾಕ ನನ್ಗೆಲ್ ಬತ್ತದ?”

ಅಂದವಳು ಏಳಲಿಲ್ಲ. ಸೊಂಟದ ಗಂಟು ಬಿಚ್ಚಿ ಒಂದು ಎಳೆ ತೆಗೆದಳು. ಯಂತ್ರದ ಹಲ್ಲಿಗೆ ಸಿಕ್ಕು ಕಡಿದುಹೋದ ರೇಷ್ಮೆಯನ್ನು ಹೊಸೆದಿಟ್ಟುಕೊಂಡಿದ್ದ ದಾರ. “ಮನೀಕ” ಅಂದಳು.

ಆಶಾರಾಣಿ ಚಾಪೆಯ ಮೇಲೆ ಮಲಗಿದಳು. ಅವ್ವ ಬಲಗಾಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದಳು. ದಾರದ ತುದಿಯನ್ನು ತೊಡೆಯ ಮೇಲೆ ಮಗಳ ಕೈಗೆ ಹಿಡಿಸಿ, ಕೆಳಕ್ಕೆ ಎಳೆದು, ಮಂಡಿಯ ಚಿಪ್ಪನ್ನು ಬೆರಳಲ್ಲಿ ಹುಡುಕಿ ಅಲ್ಲೊಂದು ಗಂಟು ಹಾಕಿದಳು. ಹಿಮ್ಮಡಿಯ ಹತ್ತಿರ ಇನ್ನೊಂದು. ಯಾರೂ ಹೇಳದಿದ್ದರೂ ಆ ದಾರವನ್ನೇ ಎಡಗಾಲಿಗೂ ಹಿಡಿದಳು. ಗಂಟು ಹಿಮ್ಮಡಿಯನ್ನು ಮುಟ್ಟಲಿಲ್ಲ. ಉಳಿದ ಜಾಗದಲ್ಲಿ ಅವ್ವ ಒಂದು ಬೆರಳಿಟ್ಟಳು, ಎರಡನೆಯದಿಟ್ಟಳು, ಮೂರನೆಯದನ್ನೂ ಇಟ್ಟಳು. ಬೆರಳು ಹಾಗೇ ಬಿಟ್ಟು ಕೂತಳು.

“ಜರ ಬಂದು ನೀ ಮನಗಿದ್ದಾಗ, ಎದ್ದು ಕೂತ್ರ ನಿನ್ನಾಳುದ್ದ ದಾರದ ಬತ್ತಿ ಅಚ್ತೀನಿ ಅಂತ ಮಾದಪ್ಪಂಗ ಅರಕೆ ಕಟ್ಕಂಡಿದ್ದೆ. ಬೆಟ್ಟಕ್ ಓಗಿ ಅಚ್ಚಿ ಬಂದೆ.”

ಆಶಾರಾಣಿ ಸೂರಿನ ಕಡೆ ನೋಡುತ್ತಿದ್ದಳು.

“ನೆತ್ತಿಯಿಂದ ಎಡಗಾಲ್ಗೇ ಅಳ್ದಿದ್ದೆ ಕಣ್ ಮಗ, ಆ ಕಾಲ್ಗ ದಾರ ಇಡೀನಿಲ್ಲ” ಅಂದಳು ಪುಟ್ಟಮಾದಮ್ಮ.

ಹಳೆಯ ಸರಳಿಗೆ ಸದಾಶಿವಪ್ಪನಿಂದ ಮತ್ತೊಂದು ಬೆಸುಗೆ ಹಾಕಿಸಿಕೊಂಡು ಅವಳು ಸೆಂಟರಿನ ಮೆಟ್ಟಿಲು ಹತ್ತಿದಳು. ಕೀಲಿಮಣೆಯ ಪಕ್ಕದಲ್ಲಿ ಸ್ಕೇಲಿಟ್ಟು, ದಾರವನ್ನು ಎಳೆದು ಹಿಡಿದು, ಗಂಟಿನಿಂದ ಗಂಟಿಗೆ ಅಳೆದುಕೊಂಡಳು. ಎಡಗಾಲಿನ ಪಕ್ಕದಲ್ಲಿ ಬಲಗಾಲನ್ನು ಹೊಸದಾಗಿ ಬರೆದಳು. ಅದರ ಮಂಡಿ ಎಡಮಂಡಿಗಿಂತ ಮೇಲಿತ್ತು. ತೊಡೆಯ ಬಿಂದುವನ್ನು ತೊಡೆಯ ಮಟ್ಟಕ್ಕೆ, ಹಿಮ್ಮಡಿಯ ಬಿಂದುವನ್ನು ನೆಲಕ್ಕೆ ಕೊಟ್ಟಳು. ಕೆಳಸಾಲಿನಲ್ಲಿ ಪ್ರಶ್ನೆ ಬಂತು. ವೈ ಮುಟ್ಟದೆ ಬರೀ ಎಂಟರ್ ಒತ್ತಿದಳು.

ಕಾಲು ತನ್ನ ಉದ್ದದಲ್ಲೇ ಬಂದು ತೊಡೆಯ ಮಟ್ಟಕ್ಕೆ ಸೇರಿಕೊಂಡಿತು. ಕೆಳಗೆ ಹಿಮ್ಮಡಿಗೂ ನೆಲಕ್ಕೂ ನಡುವೆ ಪರದೆಯ ಕಪ್ಪು ಜಾಗ ಉಳಿಯಿತು.

“ಕೆಳಗೆ ಕೂತಿಲ್ವಲ್ಲ” ಅಂದರು ಹಾದುಹೋಗುತ್ತಿದ್ದ ನಾಗರಾಜು ಸರ್.

“ಅದು ಇರೋದೇ ಅಷ್ಟು ಸಾರ್.”

ಅವರು ಮೇಜಿನ ಮೇಲಿದ್ದ ಗಂಟು ಹಾಕಿದ ದಾರವನ್ನು ನೋಡಿ ಮುಂದೆ ಹೋದರು.

ಆಶಾರಾಣಿ ಕಪ್ಪು ಜಾಗವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿಕೊಂಡಳು. ಮೌಸನ್ನು ಹಿಮ್ಮಡಿಯ ಮೂಲೆಯ ಹತ್ತಿರಕ್ಕೆ ಒಯ್ದಳು. ಹಳದಿ ಚೌಕ ಮೂಡಿ ತುದಿಯನ್ನು ಹಿಡಿಯಿತು. ಅಲ್ಲಿಂದ ನೆಲದವರೆಗೆ ಬೂಟಿನ ದಪ್ಪ ಅಟ್ಟೆಯ ಮೊದಲ ಗೆರೆಯನ್ನು ಎಳೆಯತೊಡಗಿದಳು.